ಟಿವೊಲಿಯ ಜಲಪಾತ: ನದಿಯ ದಾರಿ ಬದಲಾಗುವ ಮುನ್ನ



ಲೂಯಿಜ್ ಜೋಸೆಫಿನ್ ಸರಾಜಾಂ ದ ಬೆಲ್ಮೋಂ. ಈ ಹೆಸರನ್ನ ನೀವು ಕೇಳಿರೋ ಸಾಧ್ಯತೆ ಕಡಿಮೆ. ಇತ್ತೀಚಿನವರೆಗೆ ನಾನೂ ಕೇಳಿರಲಿಲ್ಲ. 1790ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಭೂದೃಶ್ಯ ಕಲಾವಿದೆ ಇವರು. ರೋಮ್‌ನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಟಿವೊಲಿ ಅನ್ನೋ ಊರಿದೆ. ಅಲ್ಲಿನ ಜಲಪಾತವನ್ನು ಇವರು 1826ರಲ್ಲಿ ಕಾಗದದ ಮೇಲೆ ಎಣ್ಣೆಬಣ್ಣದಲ್ಲಿ ಚಿತ್ರಿಸಿದರು.

ಎಣ್ಣೆಬಣ್ಣಕ್ಕೆ ಕ್ಯಾನ್ವಾಸ್ ಬೇಕಲ್ವಾ, ಕಾಗದ ಯಾಕೆ ಅಂತ ನಿಮಗೆ ಅನ್ನಿಸಬಹುದು. ಬೆಟ್ಟ ಹತ್ತುವವರಿಗೆ ಕಾಗದ ಹಗುರ, ಅಷ್ಟೇ. ಬಣ್ಣ ತುಂಬಿದ ಲೋಹದ ಟ್ಯೂಬ್ ಬಂದದ್ದೇ 1841ರಲ್ಲಿ. ಅದಕ್ಕೂ ಮೊದಲು ಬಣ್ಣವನ್ನು ಹಂದಿಯ ಮೂತ್ರಕೋಶದ ಪುಟ್ಟ ಚೀಲಗಳಲ್ಲಿ ತುಂಬಿ ಒಯ್ಯುತ್ತಿದ್ದರು. ಇಂಥ ಚಿತ್ರಗಳಿಗೆ 'ಸ್ಟಡಿ' ಅಂತಾರೆ. ಇವು ಪ್ರದರ್ಶನಕ್ಕಲ್ಲ, ಕಲಾವಿದರ ಸ್ವಂತ ಅಭ್ಯಾಸಕ್ಕೆ. ಎಷ್ಟೋ ಸ್ಟಡಿಗಳನ್ನು ಆಮೇಲೆ ಕ್ಯಾನ್ವಾಸಿಗೆ ಅಂಟಿಸಿ ಉಳಿಸಿಕೊಂಡಿದ್ದಾರೆ.

ಜಲಪಾತದ ವಿಚಿತ್ರ ನೋಡಿ. ನೀರು ಒಂದು ಕ್ಷಣವೂ ನಿಲ್ಲಲ್ಲ, ಆದರೆ ಬೀಳೋ ಆಕಾರ ಹೆಚ್ಚುಕಮ್ಮಿ ಹಾಗೇ ಇರುತ್ತೆ. ಕೈಗೆ ಸಿಗದೆ ಓಡೋದು ಬೆಳಕು. ಅದಕ್ಕೇ ಈಕೆಯ ಗುರು ವಾಲೆನ್ಸಿಯೆನ್ ತಮ್ಮ ಪುಸ್ತಕದಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು: ಒಂದು ಸ್ಟಡಿಗೆ ಎರಡು ಗಂಟೆ ಮೀರಬಾರದು, ಸೂರ್ಯೋದಯ, ಸೂರ್ಯಾಸ್ತ ಆದರೆ ಅರ್ಧ ಗಂಟೆ. ಎದುರಿಗೆ ತುಂತುರು, ಕೈಯಲ್ಲಿ ಒಣಗದ ಬಣ್ಣ, ಆ ಗಡುವಿನೊಳಗೆ ಮುಗಿಸಬೇಕು!

ಭೂದೃಶ್ಯ ಚಿತ್ರಕ್ಕೇ ಅಂತ ಫ್ರಾನ್ಸಿನಲ್ಲಿ 'ರೋಮ್ ಪ್ರಶಸ್ತಿ' ಮೊದಲು ಕೊಟ್ಟಿದ್ದು 1817ರಲ್ಲಿ. ಗೆದ್ದವರು ಸರ್ಕಾರದ ಖರ್ಚಿನಲ್ಲಿ ಇಟಲಿಗೆ ಹೋಗಿ ಕಲಿಯಬಹುದಿತ್ತು. ಆದರೆ ಹೆಂಗಸರಿಗೆ ಆ ಸ್ಪರ್ಧೆಯ ಬಾಗಿಲು ತೆರೆದದ್ದು 1903ರಲ್ಲಿ. ಅಂದರೆ ಈಕೆ ಇಟಲಿಗೆ ಹೋದದ್ದು ಆ ವಿದ್ಯಾರ್ಥಿವೇತನದ ಬಲದಿಂದಲ್ಲ. ನನಗೆ ಈ ಚಿತ್ರದ ಮೇಲೆ ಗೌರವ ಹುಟ್ಟಿದ್ದು ಮೊದಲು ಇಲ್ಲೇ.

ಎರಡನೇ ಕಾರಣ ಆ ನದಿ, ಹೆಸರು ಅನಿಯೆನೆ. ಚಿತ್ರ ಬರೆದ ವರ್ಷವೇ, 1826ರ ನವೆಂಬರ್ 16ರಂದು, ಅದಕ್ಕೆ ಭಾರಿ ಪ್ರವಾಹ ಬಂತು. ಕಟ್ಟೆ ಒಡೆಯಿತು, ದಡದ ಮನೆಗಳು ಕೊಚ್ಚಿಹೋದವು. ಬಂಡೆಯ ಅಂಚಿನಲ್ಲಿದ್ದ ರೋಮನ್ ಕಾಲದ ದುಂಡು ದೇವಾಲಯವೂ ಬೀಳುತ್ತೇನೋ ಅನ್ನೋ ಭಯ. ಕೊನೆಗೆ ಪಕ್ಕದ ಕಾಟಿಲ್ಲೊ ಬೆಟ್ಟದೊಳಗೆ ಜೋಡಿ ಸುರಂಗ ಕೊರೆದು ನದಿಯನ್ನು ಆ ಕಡೆ ತಿರುಗಿಸಿದರು. 1835ರಲ್ಲಿ, ಪೋಪ್ ಹದಿನಾರನೇ ಗ್ರೆಗೊರಿ ಕಾಲದಲ್ಲಿ, ನೀರು ಅದರೊಳಗೆ ಹರಿಯಿತು.

ದೇವಾಲಯ ಉಳಿಯಿತು. ಇವತ್ತು ಟಿವೊಲಿಗೆ ಹೋದವರು ಫೋಟೊ ತೆಗೆದುಕೊಳ್ಳೋ ನೂರು ಮೀಟರ್‌ಗೂ ಎತ್ತರದ ಜಲಪಾತ ಆ ಸುರಂಗಗಳ ಬಾಯಿಂದ ಬೀಳೋದು. ಸರಾಜಾಂ ಟಿವೊಲಿಗೆ ಬಂದಾಗ ಅದು ಹುಟ್ಟಿರಲೇ ಇಲ್ಲ. ಪ್ರವಾಹಕ್ಕೆ ಮುಂಚೆ ನೀರು ಹೇಗೆ ಬೀಳ್ತಿತ್ತು ಅಂತ ತಿಳಿಯೋಕೆ ಇಂಥ ಕಾಗದದ ಹಾಳೆಗಳನ್ನೇ ನೋಡಬೇಕು. ಆಗಿನ್ನೂ ಕ್ಯಾಮೆರಾ ಎಲ್ಲಿತ್ತು?