ಖಿನ್ನತೆ ಮತ್ತು ಪುರುಷರ ಲೈಂಗಿಕ ಆರೋಗ್ಯ

ಖಿನ್ನತೆಯು ಪುರುಷರ ಕಾಮಾಸಕ್ತಿ, ಶಿಶ್ನದ ನಿಮಿರುವಿಕೆ ಮತ್ತು ವೀರ್ಯಸ್ಖಲನ ಈ ಮೂರರ ಮೇಲೂ ಪರಿಣಾಮ ಬೀರಬಲ್ಲ ಮಾನಸಿಕ ಕಾಯಿಲೆಯಾಗಿದೆ. ಈ ಸಂಬಂಧವು ಎರಡೂ ದಿಕ್ಕಿನದು. ಖಿನ್ನತೆಯಿಂದ ಲೈಂಗಿಕ ತೊಂದರೆಗಳು ಉಂಟಾಗಬಹುದು. ಲೈಂಗಿಕ ತೊಂದರೆಗಳಿಂದ ಹುಟ್ಟುವ ಕೀಳರಿಮೆ ಹಾಗೂ ಆತಂಕಗಳು ಖಿನ್ನತೆಯನ್ನು ಹೆಚ್ಚಿಸಬಹುದು.

ಪರಿಣಾಮದ ಬಗೆ

ಹಿಂದೆ ಸಂತೋಷ ಕೊಡುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಕುಂದುವುದು ಖಿನ್ನತೆಯ ಮುಖ್ಯ ಲಕ್ಷಣ. ಕಾಮಾಸಕ್ತಿಯ ಇಳಿಕೆಯೂ ಇದರ ಭಾಗವಾಗಿರಬಹುದು. ಲೈಂಗಿಕ ಉದ್ರೇಕವಾದಾಗ ಶಿಶ್ನದ ನರಗಳಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದರಿಂದ ರಕ್ತನಾಳಗಳ ಸ್ನಾಯುಗಳು ಸಡಿಲಗೊಂಡು, ರಕ್ತ ತುಂಬಿ ನಿಮಿರುವಿಕೆ ಉಂಟಾಗುತ್ತದೆ. ಆತಂಕ ಮತ್ತು ಒತ್ತಡಗಳು ಈ ಕ್ರಿಯೆಗೆ ಅಡ್ಡಿಪಡಿಸುತ್ತವೆ. ನಿದ್ರಾಹೀನತೆ, ಮದ್ಯಪಾನ ಮತ್ತು ಧೂಮಪಾನಗಳು ತೊಂದರೆಯನ್ನು ಹೆಚ್ಚಿಸುತ್ತವೆ.

ಔಷಧಿಗಳ ಅಡ್ಡಪರಿಣಾಮ

ಫ್ಲುಓಕ್ಸೆಟಿನ್, ಸರ್ಟ್ರಾಲಿನ್, ಪ್ಯಾರೊಕ್ಸೆಟಿನ್ ಮುಂತಾದ ಖಿನ್ನತೆ ನಿವಾರಕಗಳು ಮೆದುಳಿನಲ್ಲಿ ಸೆರೊಟೋನಿನ್‌ನ ಪ್ರಭಾವವನ್ನು ಹೆಚ್ಚಿಸುತ್ತವೆ. ಇವುಗಳಿಂದ ಕಾಮಾಸಕ್ತಿ ತಗ್ಗಬಹುದು, ಸ್ಖಲನ ತಡವಾಗಬಹುದು. ಇದೇ ಗುಣದ ಕಾರಣ ಇವುಗಳಲ್ಲಿ ಕೆಲವನ್ನು ಶೀಘ್ರಸ್ಖಲನದ ಚಿಕಿತ್ಸೆಗೂ ಬಳಸಲಾಗುತ್ತದೆ. ಅಡ್ಡಪರಿಣಾಮ ಕಂಡಿತೆಂದು ಔಷಧಿಯನ್ನು ತಾನಾಗಿಯೇ ನಿಲ್ಲಿಸಿದರೆ ತಲೆಸುತ್ತು, ಚಡಪಡಿಕೆ ಉಂಟಾಗಬಹುದು, ಖಿನ್ನತೆ ಮರುಕಳಿಸಲೂಬಹುದು. ವೈದ್ಯರು ಔಷಧಿಯ ಪ್ರಮಾಣವನ್ನು ತಗ್ಗಿಸಬಹುದು, ಇಲ್ಲವೆ ಲೈಂಗಿಕ ಅಡ್ಡಪರಿಣಾಮ ಕಡಿಮೆ ಇರುವ ಬುಪ್ರೊಪಿಯಾನ್, ಮಿರ್ಟಾಜಪಿನ್‌ನಂತಹ ಔಷಧಿಗೆ ಬದಲಾಯಿಸಬಹುದು.

ರೋಗನಿರ್ಣಯ ಮತ್ತು ಚಿಕಿತ್ಸೆ

ಲೈಂಗಿಕ ತೊಂದರೆ ಖಿನ್ನತೆಗೆ ಮೊದಲೇ ಇತ್ತೇ, ಔಷಧಿ ಆರಂಭಿಸಿದ ಮೇಲೆ ಕಂಡುಬಂದಿತೇ ಎಂಬುದನ್ನು ವೈದ್ಯರು ವಿಚಾರಿಸುತ್ತಾರೆ. ಬೆಳಗಿನ ಜಾವದ ನಿಮಿರುವಿಕೆ ಎಂದಿನಂತಿದ್ದರೆ ಕಾರಣ ಮಾನಸಿಕವಾಗಿರುವ ಸಾಧ್ಯತೆ ಹೆಚ್ಚು. ನಿಮಿರು ದೌರ್ಬಲ್ಯವು ಮಧುಮೇಹ ಅಥವಾ ಹೃದ್ರೋಗದ ಮುನ್ಸೂಚನೆಯೂ ಆಗಿರಬಹುದಾದ್ದರಿಂದ ರಕ್ತದ ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ಅಗತ್ಯ. ಆಪ್ತಸಮಾಲೋಚನೆ, ಅರಿವಿನ ವರ್ತನಾ ಚಿಕಿತ್ಸೆ, ವ್ಯಾಯಾಮ ಹಾಗೂ ಸಂಗಾತಿಯೊಡನೆ ಮುಕ್ತ ಮಾತುಕತೆ ಸಹಕಾರಿ. ಸಿಲ್ಡೆನಾಫಿಲ್ ಮಾತ್ರೆಯು ನಿಮಿರುವಿಕೆಗೆ ನೆರವಾಗುತ್ತದೆ. ಆದರೆ ಎದೆನೋವಿಗಾಗಿ ನೈಟ್ರೇಟ್ ಔಷಧಿ ಸೇವಿಸುವವರಲ್ಲಿ ಅದು ರಕ್ತದೊತ್ತಡವನ್ನು ಅಪಾಯಕಾರಿಯಾಗಿ ಇಳಿಸುತ್ತದೆ.

ಭಾರತದಲ್ಲಿ

ವೀರ್ಯನಷ್ಟದಿಂದ ದೇಹ ಸೊರಗುತ್ತದೆಂಬ ನಂಬಿಕೆಯಿಂದ ಬಳಲುವ ಸ್ಥಿತಿಯನ್ನು ಮನೋವೈದ್ಯ ಎನ್. ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಸಿದರು. ಇಂಥವರಲ್ಲಿ ಹಲವರಿಗೆ ಖಿನ್ನತೆಯೂ ಇರುತ್ತದೆ. ಸಂಕೋಚದಿಂದ ವೈದ್ಯರ ಬಳಿಗೆ ಹೋಗದೆ ಜಾಹೀರಾತಿನ ‘ಗುಪ್ತರೋಗ’ ಚಿಕಿತ್ಸೆಗಳ ಮೊರೆಹೋದರೆ ಮೂಲ ಕಾಯಿಲೆಯ ಚಿಕಿತ್ಸೆ ವಿಳಂಬವಾಗುತ್ತದೆ. 2022ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಮಾಲೋಚನೆ ಲಭ್ಯವಿದೆ.