ಬ್ಯಾಗ್ ಕೊಡದ ಮಳಿಗೆಯಲ್ಲಿ ಮೂರು ದಿನ

‘ಇಲ್ಲಿ ಬ್ಯಾಗ್ ಕೊಡ್ತೀರಾ?’

ಕಂಪ್ಯೂಟರ್ ಮೇಳದಲ್ಲಿ ನಮ್ಮ ಮಳಿಗೆಗೆ ಬಂದ ಮೊದಲ ವ್ಯಕ್ತಿ ಕೇಳಿದ್ದು ಇದನ್ನೇ. ಎದುರಿನ ಮಳಿಗೆಯವರು ಬ್ಯಾಗ್, ಕೀಚೈನ್, ಟೋಪಿ ಹಂಚುತ್ತಿದ್ದರು. ನಮ್ಮ ಹತ್ತಿರ ಇದ್ದದ್ದು ಮೂರು ಹಳೆಯ ಲ್ಯಾಪ್‌ಟಾಪ್, ಹತ್ತು ಪೆನ್‌ಡ್ರೈವ್ ಮತ್ತು ಒಂದು ಕಟ್ಟು ಕರಪತ್ರ. ನಾವು ಐವರು ವಿದ್ಯಾರ್ಥಿಗಳು, ಜೊತೆಗೆ ಆಫೀಸಿಗೆ ರಜೆ ಹಾಕಿ ಬಂದಿದ್ದ ಇಬ್ಬರು ಸೀನಿಯರ್‌ಗಳು. ಮಾರುವುದಕ್ಕೆ ಏನೂ ಇರಲಿಲ್ಲ. ಮುಕ್ತ ತಂತ್ರಾಂಶ ಅಂದರೇನು ಎಂದು ಜನರಿಗೆ ಹೇಳುವುದಷ್ಟೇ ನಮ್ಮ ಕೆಲಸ.

‘ವಿಎಲ್‌ಸಿ ಪ್ಲೇಯರ್ ಗೊತ್ತಾ ಸರ್?’ ಎಂದು ಮಾತು ಶುರು ಮಾಡುತ್ತಿದ್ದೆವು. ಗೊತ್ತಿಲ್ಲದವರು ಕಡಿಮೆ. ಅದು 1996ರಲ್ಲಿ ಪ್ಯಾರಿಸ್‌ನ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು ಎಂದರೆ ನಿಂತು ಕೇಳುತ್ತಿದ್ದರು. ನಿಮ್ಮ ಆಂಡ್ರಾಯ್ಡ್ ಫೋನಿನ ಒಳಗಿರುವ ಲಿನಕ್ಸ್ ಕರ್ನಲ್ಲನ್ನು 1991ರಲ್ಲಿ ಆರಂಭಿಸಿದ ಲೀನಸ್ ಟೋರ್ವಾಲ್ಡ್ಸ್ ಆಗ ಹೆಲ್ಸಿಂಕಿಯಲ್ಲಿ ಓದುತ್ತಿದ್ದ 21ರ ಹುಡುಗ. ನನಗಿಂತ ಒಂದೇ ವರ್ಷ ದೊಡ್ಡವ! ಇಂಗ್ಲಿಷಿನ ‘ಫ್ರೀ’ ಪದಕ್ಕೆ ಎರಡು ಅರ್ಥ ಇರುವುದರಿಂದ ಗೊಂದಲ. ಕನ್ನಡದಲ್ಲಿ ಆ ಕಷ್ಟವಿಲ್ಲ: ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಬಳಸಲು, ಒಳಗೆ ಏನಿದೆ ಎಂದು ನೋಡಲು, ತಿದ್ದಲು, ಹಂಚಲು ಇರುವ ಸ್ವಾತಂತ್ರ್ಯವೇ ಇದರ ಜೀವಾಳ.

ಮೊದಲ ದಿನ ಸಂಜೆ ಜಾಬ್ ಟೈಪಿಂಗ್ ಅಂಗಡಿಯ ಮಾಲೀಕರೊಬ್ಬರು ಬಂದರು. ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್‌ನಲ್ಲಿ ನಿಂತಿದೆ, ಅಂಗಡಿಯ ಮೂರು ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಹಿಡಿಸುತ್ತಿಲ್ಲ, ಹೊಸದು ಕೊಳ್ಳಲು ದುಡ್ಡಿಲ್ಲ ಎಂದರು. ಹುಮ್ಮಸ್ಸಿನಲ್ಲಿದ್ದ ನಾನು, ‘ಲಿನಕ್ಸ್ ಹಾಕಿ ಅಂಕಲ್, ಎಲ್ಲಾ ನಡೆಯುತ್ತೆ’ ಎಂದುಬಿಟ್ಟೆ.

ಮರುದಿನ ಅವರು ಪೆನ್‌ಡ್ರೈವ್ ಹಿಡಿದು ಬಂದರು. ಒಳಗೆ ಹಳೆಯದೊಂದು ಲಗ್ನಪತ್ರಿಕೆಯ ಫೈಲ್. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ವಧೂವರರ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ‘ಎಲ್ಲಾ ನಡೆಯುತ್ತೆ ಅಂದ್ಯಲ್ಲಪ್ಪಾ?’ ಎಂದರು. ನನ್ನ ಮುಖ ಸಪ್ಪೆಯಾಯಿತು.

ಸೀನಿಯರ್ ಮುಂದೆ ಬಂದು ವಿವರಿಸಿದರು. ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸಂಕೇತಗಳಿವೆ. ಮುಕ್ತವಾಗಿ ಸಿಗುವ ಪರಿವರ್ತಕದಲ್ಲಿ ಫೈಲ್ ಹಾಕಿದೆವು. ಹೆಸರುಗಳು ಮೂಡಿದವು, ಆದರೆ ಕೆಲವು ಒತ್ತಕ್ಷರ ತಪ್ಪಿದ್ದವು. ಕೈಯಲ್ಲೇ ತಿದ್ದಿಕೊಟ್ಟೆವು.

‘ಟ್ಯಾಲಿ?’ ಎಂಬುದು ಅವರ ಮುಂದಿನ ಪ್ರಶ್ನೆ.

‘ಅದು ವಿಂಡೋಸ್‌ಗಾಗಿ ಮಾಡಿದ್ದು ಸರ್. ಲೆಕ್ಕ ಬರೆಯೋ ಕಂಪ್ಯೂಟರ್ ಮುಟ್ಟಬೇಡಿ. ಟೈಪಿಂಗ್‌ನ ಎರಡಕ್ಕೆ ಮಾತ್ರ ಲಿನಕ್ಸ್ ಹಾಕಿ. ಅದಕ್ಕೂ ಮೊದಲು ಈ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡಿ, ಇನ್‌ಸ್ಟಾಲ್ ಒತ್ತದಿದ್ದರೆ ಹಾರ್ಡ್‌ಡಿಸ್ಕ್‌ನಲ್ಲಿರೋದು ಹಾಗೇ ಇರುತ್ತೆ. ಪ್ರಿಂಟರ್ ಕೆಲಸ ಮಾಡದಿದ್ದರೆ ಹಾಕಿಸಲೇಬೇಡಿ’ ಎಂದರು ಸೀನಿಯರ್.

ನಮ್ಮವರೇ ಬೇಡ ಅನ್ನುತ್ತಿದ್ದಾರಲ್ಲ ಎಂದು ನನಗೆ ಗಾಬರಿ. ಆದರೆ ಮೂರನೇ ದಿನ ಆ ಅಂಕಲ್ ಮತ್ತೆ ಬಂದರು, ಪಕ್ಕದ ಅಂಗಡಿಯವರನ್ನೂ ಕರೆದುಕೊಂಡು. ‘ಪ್ರಿಂಟರ್ ನಡೀತು. ಇವರಿಗೂ ಹೇಳಿ. ಏನು ಆಗಲ್ಲ ಅನ್ನೋದನ್ನೂ ಹೇಳಿ’ ಎಂದರು. ‘ಎಲ್ಲಾ ನಡೆಯುತ್ತೆ’ ಎಂದ ನನ್ನ ಮಾತು ಮಾಡದ ಕೆಲಸವನ್ನು ‘ಇದು ಆಗಲ್ಲ’ ಎಂಬ ಮಾತು ಮಾಡಿತ್ತು.

ಮನೆಯಲ್ಲಿ ಅಪ್ಪ ಕೇಳಿದ್ದು, ‘ಸಂಬಳ ಇಲ್ಲದ ಈ ಕೆಲಸದಿಂದ ಏನು ಬಂತು?’ ಪ್ರಶ್ನೆ ತಪ್ಪಲ್ಲ. ನೌಕರಿ ಸಿಕ್ಕೇಬಿಡುತ್ತದೆ ಎಂದು ನಾನೂ ಹೇಳಲಾರೆ, ಮತ್ತೊಮ್ಮೆ ‘ಎಲ್ಲಾ ನಡೆಯುತ್ತೆ’ ಎಂದ ಹಾಗಾಗುತ್ತದೆ. ಆದರೆ ಮೇಳ ಮುಗಿದ ರಾತ್ರಿ, ತಪ್ಪಿದ ಒತ್ತಕ್ಷರಗಳ ಪಟ್ಟಿ ಮಾಡಿ ಆ ಪರಿವರ್ತಕ ರೂಪಿಸಿದವರಿಗೆ ಕಳುಹಿಸಿದೆ. ಎರಡು ವರ್ಷ ಲ್ಯಾಬ್‌ನಲ್ಲಿ ಬರೆದ ಪ್ರೋಗ್ರಾಂಗಳೆಲ್ಲ ಅಂಕಕ್ಕಾಗಿ. ಯಾರದೋ ಲಗ್ನಪತ್ರಿಕೆ ಸರಿಯಾಗಲೆಂದು ಮಾಡಿದ ಮೊದಲ ಕೆಲಸ ಇದು.