ಗುಳೆ ಹೊರಟ ಮನೆಯ ಮಕ್ಕಳು

2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಶಾಲಾ ಬಿಸಿಯೂಟಕ್ಕೆ ಸರ್ಕಾರವು ಶರಣರ ಪದವನ್ನೇ ಬಳಸಿ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಅನ್ನ ದೊರೆತರೂ ಆ ಭಾಗದ ಮಕ್ಕಳ ಹಾಜರಿಯನ್ನು ಗುಳೆ ಮುರಿಯುತ್ತಿದೆ. ಮಳೆ ಕೈಕೊಟ್ಟಾಗ ಯಾದಗಿರಿ, ರಾಯಚೂರು ಕಡೆಯ ಕುಟುಂಬಗಳು ಬೆಂಗಳೂರು, ಮುಂಬಯಿಗಳ ಕಟ್ಟಡ ಕೆಲಸಕ್ಕೆ ತೆರಳುತ್ತವೆ. ಅಲ್ಲಿ ತಾಯಿ ದುಡಿಯುವಾಗ ಕೂಸನ್ನು ಎತ್ತಿಕೊಳ್ಳುವ ಹೊಣೆ ಹಿರಿಯ ಮಗಳದು. ಮರಳಿ ಬರುವಷ್ಟರಲ್ಲಿ ಪಾಠಗಳು ಮುಂದೆ ಸಾಗಿರುತ್ತವೆ. ಸಂಕೋಚದಿಂದ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವಳು ಕ್ರಮೇಣ ಶಾಲೆಯನ್ನೇ ಬಿಡುತ್ತಾಳೆ. ಇದನ್ನು ಸೋಮಾರಿತನವೆನ್ನುವುದು ಅನ್ಯಾಯ. ವರ್ಗಾವಣೆ ಪ್ರಮಾಣಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ. ಹೋದ ಊರಿನಲ್ಲಿಯೂ ಮಗುವನ್ನು ಶಾಲೆಗೆ ಸೇರಿಸಬಹುದು. ಗುಳೆ ಹೊರಡುವ ಮುನ್ನವೇ ಸದ್ಭಕ್ತರು ಇದನ್ನು ನೆರೆಹೊರೆಯವರಿಗೆ ತಿಳಿಸಬೇಕಾಗಿ ವಿನಂತಿ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಹೋದ ಮನೆಗಳಿದ್ದರೆ ಆಗಾಗ ವಿಚಾರಿಸಿಕೊಳ್ಳಿರಿ.